ತಾಯಿಯ ಹೆಬ್ಬೆಟ್ಟು ತರಲು ಹೋದದ್ದು

ಆಗ ನನಗೆ ಐವತ್ತೇಳು ವರ್ಷ. ಅದಾಗಿ ಈಗ ಒಂಬತ್ತು ವರ್ಷವಾಯಿತು. ಭಾಲ್ಕಿಯ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುತ್ತಿದ್ದೆ. ಎರಡು ವರ್ಷದಿಂದ ಮಳೆ ಬಿದ್ದಿರಲಿಲ್ಲ. ಮೂರು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಅಕ್ಕಿ ತೊಳೆದ ನೀರಿನಲ್ಲೇ ಪಾತ್ರೆಯ ಮೊದಲ ಜಿಡ್ಡು ತೆಗೆಯುತ್ತಿದ್ದೆ.

ದಸರೆ ಮುಗಿಯಿತೆಂದರೆ ಔರಾದ್ ತಾಲ್ಲೂಕಿನ ಹಳ್ಳಿಗಳ ಜನ ಮುಕಾದಮ ಎಂಬ ಮೇಸ್ತ್ರಿಯ ಹಿಂದೆ ಲಾರಿ ಹತ್ತಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಿದ್ದರು. ಹೋದವರು ಯುಗಾದಿಯ ಹೊತ್ತಿಗೆ ತಿರುಗಿ ಬರುವುದು. ಅವರ ಹುಡುಗಿಯರು ನಮ್ಮ ಹಾಸ್ಟೆಲ್‌ನಲ್ಲಿ ಇರುತ್ತಿದ್ದರು. ರಜೆ ಪುಸ್ತಕದಲ್ಲಿ ‘ಪಾಲಕರ ಸಹಿ’ ಎಂದು ಒಂದು ಕಲಂ ಇತ್ತು. ಹುಡುಗಿಗೆ ಜ್ವರ ಬಂದು ದವಾಖಾನೆಗೆ ಕರೆದೊಯ್ಯಬೇಕಾದರೂ ಅಲ್ಲಿ ಸಹಿ ಬೇಕು. ಪಾಲಕರು ಕಬ್ಬಿನಲ್ಲಿದ್ದಾರೆ ಎಂದ ಮೇಲೆ ಸಹಿ ಯಾರು ಹಾಕಬೇಕು? ನಾನು ಹಾಕುತ್ತಿದ್ದೆ. ಮೂರನೆಯ ಇಯತ್ತೆ ಓದಿದವಳು ನಾನು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ನನ್ನ ಹೆಸರು ಬರೆಯುತ್ತೇನೆ. ವಾರ್ಡನ್ ಮೇಡಂ ಕಂಡೂ ಕಾಣದಂತೆ ಇರುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆದಿತ್ತು. ಎಷ್ಟು ಹುಡುಗಿಯರಿಗೆ ಪಾಲಕಳಾಗಿದ್ದೆನೋ, ನನಗೆ ನೆನಪಿಲ್ಲ.

ನಾನು ಈಗ ಹೇಳುವ ಹುಡುಗಿ ಅದೇ ತಾಲ್ಲೂಕಿನ ಎಕಂಬಾ ಹಳ್ಳಿಯವಳು. ಎರಡು ವರ್ಷ ನಮ್ಮಲ್ಲಿದ್ದು ಪಿಯುಸಿ ಸೈನ್ಸ್ ಮುಗಿಸಿ ಊರಿಗೆ ಹೋಗಿದ್ದಳು. ತಾಯಿ-ತಂದೆ ಕಬ್ಬಿಗೆ ಹೊರಟಾಗ ಟ್ರಂಕು ಹೊತ್ತುಕೊಂಡು ಮತ್ತೆ ಬಂದಳು. ನರ್ಸಿಂಗ್ ಸೀಟಿನ ಪಟ್ಟಿ ಇನ್ನೂ ಬರುವುದಿತ್ತು.

“ಮೌಶಿ, ಪಟ್ಟಿ ಬರೂತನಕ ನಿಮ್ಮ ಖೋಲಿದಾಗ ಇರ್ಲಿ?” ಎಂದಳು. ತಾಯಿಯ ತಂಗಿಯನ್ನು ಕರೆಯುವಂತೆ ಹಾಸ್ಟೆಲ್ ಹುಡುಗಿಯರೆಲ್ಲ ನನ್ನನ್ನು ಮೌಶಿ ಎನ್ನುತ್ತಿದ್ದರು.

“ಇರು. ಆದ್ರ ಕುಂತು ತಿಂಬಂಗಿಲ್ಲ. ರೊಟ್ಟಿ ಬಡೀಬೇಕು,” ಎಂದೆ.

“ನಾ ಬಡದ್ರ ಅವು ಯಾವ ದೇಶದ ನಕ್ಷಾ ಆಗ್ತಾವೋ ನೋಡ್ರಿ ಮತ್ತ.”

ಅಡುಗೆಮನೆಯ ಹಿಂದಿನ ನನ್ನ ಕೋಣೆಯಲ್ಲಿ ಅವಳು ಒಂದು ತಿಂಗಳ ಮೇಲೆ ಇದ್ದಳು. ನನಗೆ ಮಕ್ಕಳಿಲ್ಲ. ಗಂಡ ಇನ್ನೊಬ್ಬಳನ್ನು ಮಾಡಿಕೊಂಡು ಹೋದ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಆದರೆ ಈ ಒಂದು ತಿಂಗಳ ಬಗ್ಗೆ ಹೇಳುವುದಿದೆ. ಮುಂಜಾನೆ ನಾನು ಎದ್ದು ಒಲೆ ಹಚ್ಚುವಾಗ ಅವಳು ನಿದ್ದೆಗಣ್ಣಿನಲ್ಲೇ ಬಂದು ಹಿಟ್ಟಿನ ಡಬ್ಬಿಯ ಮೇಲೆ ಕೂರುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೂರುವುದು. ಕಿರಾಣಿ ಕಟ್ಟಿ ಕೊಟ್ಟ ಪೇಪರಿನ ಚೂರು ಸಿಕ್ಕರೆ ಗಟ್ಟಿಯಾಗಿ ಓದುತ್ತಿದ್ದಳು. ಅರ್ಧ ಸುದ್ದಿಗೆ ಹರಿದಿದ್ದರೆ ಉಳಿದರ್ಧವನ್ನು ತಾನೇ ಕಟ್ಟಿ ಹೇಳುತ್ತಿದ್ದಳು. ಅವಳ ಕೂದಲಿಗೆ ಎಣ್ಣೆ ಹಚ್ಚುವಾಗ ನನ್ನ ಕೈ ನಿಧಾನವಾಗುತ್ತಿತ್ತು. ಬೇಗ ಮುಗಿಯದಿರಲಿ ಎಂದು.

ದೀಪಾವಳಿ ಕಳೆದ ಮೇಲೆ ಪಟ್ಟಿ ಬಂತು. ಬೀದರಿನಲ್ಲಿ, ನೌಬಾದದ ಕಡೆಯ ಕಾಲೇಜಿನಲ್ಲಿ ನಾಲ್ಕು ವರ್ಷದ ನರ್ಸಿಂಗ್ ಸೀಟು. ಇಪ್ಪತ್ತು ದಿನದೊಳಗೆ ಮೊದಲ ವರ್ಷದ ಫೀ ಕಟ್ಟಬೇಕು, ಇಲ್ಲವೇ ಸಾಲ ಮಂಜೂರಾಗಿದೆ ಎಂದು ಬ್ಯಾಂಕಿನ ಪತ್ರ ತಂದು ಕೊಡಬೇಕು. ಎರಡೂ ಇಲ್ಲವಾದರೆ ಸೀಟು ಪಟ್ಟಿಯಲ್ಲಿ ಮುಂದಿನವಳಿಗೆ. ಫೀ ಕಟ್ಟುವಷ್ಟು ದುಡ್ಡು ಅವಳ ಮನೆಯಲ್ಲೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ವಾರ್ಡನ್ ಮೇಡಂ ಹೇಳಿದರು, “ಸರ್ಕಾರದ ಯೋಜನಾದಾಗ ಶಿಕ್ಷಣ ಸಾಲ ಕೊಡ್ತಾರ. ಅಕಿ ಊರು ಯಾವ ಬ್ಯಾಂಕಿಗಿ ಬರ್ತದೋ ಅಲ್ಲೇ ಕೇಳಬೇಕು. ಜಲ್ದಿ ಹೋಗ್ರಿ.”

ಎಕಂಬಾಕ್ಕೆ ಸೇರಿದ ಬ್ಯಾಂಕಿನ ಶಾಖೆ ಔರಾದಿನಲ್ಲಿತ್ತು. ಮರುದಿನವೇ ಹೋದೆವು. ಸಾಲ ನೋಡುವ ಆಫೀಸರ್ ಮೈಸೂರು ಕಡೆಯವರು, ಸಣ್ಣ ವಯಸ್ಸು. ನಮ್ಮನ್ನು ಕೂರಿಸಿ ಹೇಳಿದರು. ನಾಲ್ಕು ಲಕ್ಷದೊಳಗಿನ ಸಾಲಕ್ಕೆ ಮನೆ, ಹೊಲ ಏನನ್ನೂ ಬರೆಸಿಕೊಳ್ಳುವುದಿಲ್ಲ. ಆದಾಯ ಕಡಿಮೆ ಇದ್ದವರಿಗೆ ಓದು ಮುಗಿದು ಒಂದು ವರ್ಷದ ತನಕ ಬಡ್ಡಿ ಸರ್ಕಾರದ್ದು. ಫೀ ನೇರವಾಗಿ ಕಾಲೇಜಿಗೆ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಬೇಕಾದ ಕಾಗದಗಳೆಂದರೆ ಹತ್ತನೆಯದು ಮತ್ತು ಪಿಯುಸಿ ಅಂಕಪಟ್ಟಿ, ಸೀಟಿನ ಪತ್ರ, ನಾಲ್ಕು ವರ್ಷದ ಫೀ ಎಷ್ಟೆಂದು ಕಾಲೇಜಿನ ಚೀಟಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಆಧಾರ್, ಫೋಟೊ. ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ನಾನು ಬೆರಳು ಮಡಚಿ ನೆನಪಿಟ್ಟುಕೊಂಡೆ. ಎಂಟು ಬೆರಳು ಮಡಚಿದವು.

ಆದಾಯದ ಕಾಗದಕ್ಕೆ ನಾಡಕಚೇರಿಗೆ, ಫೀ ಚೀಟಿಗೆ ಬೀದರಿಗೆ ಓಡಿದೆವು. ಮೂರನೆಯ ದಿನ ಎಲ್ಲ ಕೂಡಿತು. ಔರಾದ್ ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯವನು ಅರ್ಜಿ ತುಂಬಲು ಕುಳಿತ.

“ಸಹ-ಸಾಲಗಾರರು ಅಂತ ಒಂದು ಕಲಂ ಅದರಿ. ತಾಯಿ ಇಲ್ಲಾ ತಂದಿ, ಇಲ್ಲಾ ಪಾಲಕರು. ಯಾರದ್ ಬರೀಲಿ?” ಎಂದು ತಲೆ ಎತ್ತಿ ನನ್ನನ್ನು ನೋಡಿದ. “ನೀವೇ ಏನ್ರಿ ಪಾಲಕರು?”

“ಹೂಂ,” ಎಂದೆ.

ಎಷ್ಟೋ ವರ್ಷದ ರೂಢಿ ಅದು ಎಂದು ಹೇಳಿ ಪಾರಾಗಬಹುದು. ಆದರೆ ಬರೀ ರೂಢಿಯಿಂದ ಹೇಳಿದ್ದಲ್ಲ. ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. ಅವಳೂ ಎರಡು ವರ್ಷ ನನ್ನ ಸಹಿಯ ಮೇಲೇ ಹೊರಗೆ ಹೋಗಿ ಬಂದವಳು, ನಡೆಯುತ್ತದೆ ಎಂದುಕೊಂಡಳೇನೋ. ಅಂಗಡಿಯವನು ನನ್ನ ಹೆಸರು ಬರೆದ. ಕೆಳಗೆ ನಾನು ಸಹಿ ಹಾಕಿದೆ. ರಜೆ ಪುಸ್ತಕದಲ್ಲಿ ಹಾಕುವುದಕ್ಕಿಂತ ನಿಧಾನವಾಗಿ, ದುಂಡಗೆ ಹಾಕಿದೆ.

ಫೈಲು ಎಂಟು ದಿನ ಬ್ಯಾಂಕಿನಲ್ಲಿ ಇತ್ತು. ಆ ಎಂಟು ದಿನ ನಾನು ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಪಟ್ಟಿ ಬಂದ ಹನ್ನೊಂದನೆಯ ದಿನ ಬ್ಯಾಂಕಿನಿಂದ ಫೋನ್ ಬಂತು. ಹೋದೆವು.

ಆಫೀಸರ್ ರೇಷನ್ ಕಾರ್ಡಿನ ಮೇಲೆ ಬೆರಳಿಟ್ಟು ಕೇಳಿದರು, “ಅಮ್ಮಾ, ಇದರಲ್ಲಿ ತಂದೆ, ತಾಯಿ ಇಬ್ಬರ ಹೆಸರೂ ಇದೆ. ಇದ್ದಾರಾ, ಇಲ್ವಾ?”

ಹುಡುಗಿ ಹೇಳಿದಳು, “ಅದಾರ್ರಿ ಸರ್. ಕಬ್ಬಿಗಿ ಹೋಗ್ಯಾರ.”

“ಕಬ್ಬಿಗೆ ಅಂದ್ರೆ?”

“ಕಡೀಲಾಕ್ರಿ.”

ಅವರು ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಇವರ ಸಹಿ ನಡೆಯೋದಿಲ್ಲ. ಹೆತ್ತವರು ಇರುವಾಗ ಬೇರೆಯವರು ಪಾಲಕರಾಗಬೇಕಾದ್ರೆ ಕೋರ್ಟಿನ ಕಾಗದ ಬೇಕು. ಬೇರೆ ಎಲ್ಲ ಸರಿ ಇದೆ. ತಂದೆ-ತಾಯಿಯಲ್ಲಿ ಒಬ್ಬರನ್ನ ಕರ್ಕೊಂಡು ಬನ್ನಿ, ಒಬ್ಬರು ಸಾಕು. ನನ್ನ ಮುಂದೇನೇ ಸಹಿ ಆಗಬೇಕು.”

ಬೇರೆಯವರು ಎಂದರು. ಅವರು ಕೆಟ್ಟ ಮಾತೇನೂ ಆಡಲಿಲ್ಲ. ಇದ್ದದ್ದನ್ನೇ ಹೇಳಿದರು. ನನ್ನ ಒಂದು ‘ಹೂಂ’ನಿಂದ ಎಂಟು ದಿನ ಹೋಗಿತ್ತು. ಉಳಿದದ್ದು ಒಂಬತ್ತು.

ಝೆರಾಕ್ಸ್ ಅಂಗಡಿಯವನಿಗೆ ವಿಷಯ ಗೊತ್ತಾಗಿ ಹೊರಗೆ ಬಂದ. “ಅಷ್ಟಕ್ಕ ಯಾಕ ಮಾರಿ ಸಣ್ಣದು ಮಾಡ್ತೀರಿ? ಒಂದು ಅಫಿಡವಿಟ್ ಮಾಡಿಸ್ಕೊಡ್ತೇನಿ. ತಾಯಿ-ತಂದಿ ಎಲ್ಲಿ ಹೋಗ್ಯಾರ ಗೊತ್ತಿಲ್ಲ, ನಾನೇ ಜ್ವಾಪಾನ ಮಾಡ್ತೇನಿ ಅಂತ. ದೊಡ್ಡ ಸಾಹೇಬರಿಗಿ ಕೊಟ್ರ ನಡೀತದ. ಯಾರ್ ನೋಡಲಾಕ ಹೋಗ್ತಾರ ಕಬ್ಬಿನಾಗ?”

ಮರುದಿನ ಮುಂಜಾನೆ ಕೋರ್ಟಿನ ಕಾಂಪೌಂಡಿನಲ್ಲಿ ಟೈಪು ಮಾಡುವವನ ಮುಂದೆ ಕುಳಿತೆವು. ಬಾಂಡ್ ಪೇಪರಿನ ದುಡ್ಡು ನಾನೇ ಕೊಟ್ಟೆ. ಟೈಪು ಮುಗಿಸಿ ಅವನು ಓದಿದ. ಈಕೆಯ ತಂದೆ-ತಾಯಿ ಎರಡು ವರ್ಷದಿಂದ ಎಲ್ಲಿದ್ದಾರೆಂಬುದು ತಿಳಿದಿರುವುದಿಲ್ಲ. ಈಕೆಯನ್ನು ನಾನು ನನ್ನ ಸ್ವಂತ ಮಗಳಂತೆ ಸಾಕಿ ಸಲಹುತ್ತಿದ್ದೇನೆ. ಈಕೆಯ ಮೇಲೆ ನನ್ನನ್ನು ಬಿಟ್ಟು ಬೇರೆ ಯಾರಿಗೂ ಹಕ್ಕು ಇರುವುದಿಲ್ಲ.

“ಇನ್ನೊಮ್ಮಿ ಓದ್ರಿ,” ಎಂದೆ.

“ಯಾಕ್ರಿ, ತಪ್ಪದೇನು?”

“ಓದ್ರಿ ನೀವು.”

ಅವನು ಓದಿದ. ನನಗೆ ತಪ್ಪು ಹುಡುಕುವುದಿರಲಿಲ್ಲ. ಆ ಮಾತು ನನ್ನ ಹೆಸರಿನ ಕೂಡ ಇನ್ನೊಮ್ಮೆ ಕೇಳಬೇಕಾಗಿತ್ತು. ಐವತ್ತೇಳು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಹಾಗೆ ಬರೆದಿರಲಿಲ್ಲ.

ಪೆನ್ನು ಕೈಗೆ ಬಂತು. ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಮೆಲ್ಲಗೆ ಹೇಳಿದಳು, “ಮೌಶಿ, ಅವ್ವ ಎಲ್ಲಿದ್ದಾಳಂತ ನನಗ ಗೊತ್ತದಲ್ಲ. ಹೋದ ಐತವಾರ ಮುಕಾದಮನ ಫೋನಿನಾಗ ಮಾತಾಡೀನಿ.”

“ಗೊತ್ತು. ನಾನೇ ಹಚ್ಚಿ ಕೊಟ್ಟೀನಿ,” ಎಂದೆ.

“ಇದರಾಗ ಗೊತ್ತಿಲ್ಲ ಅಂತ ಬರದಾದ.”

ಅವಳು ಬೇಡ ಎನ್ನಲಿಲ್ಲ. ನಾನು ಹಾಕಿದ್ದರೆ ಸುಮ್ಮನಿರುತ್ತಿದ್ದಳು. ಅವಳಿಗೆ ಸೀಟು ಬೇಕಾಗಿತ್ತು. ಆದರೆ ಮುಂದೆ ನಾಲ್ಕು ವರ್ಷ ಆ ಕಾಗದದ ಮೇಲೆ ಓದುತ್ತಾಳೆ, ಅದರಲ್ಲಿ ಅವಳ ತಾಯಿ ಎಲ್ಲೋ ಕಳೆದುಹೋದವಳು. ಆ ಹೆಂಗಸು ಈ ಹೊತ್ತು ಯಾರದೋ ಹೊಲದಲ್ಲಿ ಕಬ್ಬಿನ ಹೊರೆ ಹೊರುತ್ತಿದ್ದಾಳೆ, ಇಲ್ಲಿ ನಾನು ಕುಳಿತು ಅವಳನ್ನು ಅಳಿಸುತ್ತಿದ್ದೇನೆ. ಪೆನ್ನು ಮೇಜಿನ ಮೇಲಿಟ್ಟೆ. ಕಾಗದವನ್ನು ಅಲ್ಲೇ ಬಿಟ್ಟು ಎದ್ದೆ.

“ನಡಿ. ನಿಮ್ಮವ್ವನ ಕರ್ಕೊಂಡು ಬರ್ತೇನಿ.”

ಟೈಪಿನವನು ಹಿಂದಿನಿಂದ ಕೂಗಿದ, “ಅಮ್ಮಾ, ದುಡ್ಡು ತಿರುಗಿ ಬರಂಗಿಲ್ಲ ನೋಡ್ರಿ!”

ಹುಡುಗಿಯ ತಾಯಿಯ ಹತ್ತಿರ ಫೋನ್ ಇರಲಿಲ್ಲ. ಅವರ ಊರಿನ ಗುಂಪನ್ನು ಕರೆದೊಯ್ದ ಮುಕಾದಮನ ನಂಬರಿಗೆ ಹಚ್ಚಿದೆ. ಯಾವ ಕಾರ್ಖಾನೆ ಎಂದು ಹೇಳಿದ. ಬಿಡುತ್ತೀಯೇನಪ್ಪಾ ಎಂದು ಕೇಳುವುದರೊಳಗೆ ಕಟ್ ಮಾಡಿದ. ವಾರ್ಡನ್ ಮೇಡಂ ಆರು ದಿನ ರಜೆ ಕೊಟ್ಟರು. ಹುಡುಗಿಯನ್ನು ಅಡುಗೆಯ ಇನ್ನೊಬ್ಬಳ ಜೊತೆ ಬಿಟ್ಟು, ಸಂಜೆಯ ಬಸ್ಸಿಗೆ ಉದಗೀರ, ಅಲ್ಲಿಂದ ಲಾತೂರು, ಅಲ್ಲಿಂದ ಇನ್ನೂ ಎರಡು ಬಸ್ಸು ಬದಲಿಸಿ ಪಂಢರಪುರ ದಾಟಿದೆ. ಲಾತೂರಿನಲ್ಲಿ ಜನ ಕೊಡ ಹಿಡಿದು ರಸ್ತೆಯುದ್ದಕ್ಕೂ ನಿಂತಿದ್ದರು. ಪಂಢರಪುರದ ಆಚೆ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಕಬ್ಬು ಆನೆ ಎತ್ತರ ನಿಂತಿತ್ತು. ಕಣ್ಣಿಗೆ ನಂಬಿಕೆಯೇ ಬರಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಮುಕಾದಮನ ಹೆಸರು ಹೇಳಿದ ಮೇಲೆ ಒಬ್ಬ ಟ್ರ್ಯಾಕ್ಟರಿನವನು ಫಡದ ತನಕ, ಅಂದರೆ ಕಬ್ಬು ಕಡಿಯುವ ಹೊಲದ ತನಕ ಬಿಟ್ಟ.

ತಾಯಿಯನ್ನು ಗುರುತಿಸಲು ಯಾರನ್ನೂ ಕೇಳಬೇಕಾಗಲಿಲ್ಲ. ಹುಡುಗಿಯ ಗಲ್ಲ, ಹುಡುಗಿಯ ನಡಿಗೆ. ನಲವತ್ತು ದಾಟಿರಲಿಲ್ಲ. ತಲೆಯ ಮೇಲೆ ಹೊರೆ ಇತ್ತು. ನಾನು ಯಾರೆಂದು ಹೇಳಿದ ಕೂಡಲೇ ಹೊರೆಯನ್ನು ನೆಲಕ್ಕೆ ಒಗೆದಳು.

“ನನ್ನ ಹುಡುಗಿಗಿ ಏನಾತಕ್ಕಾ?”

“ಏನೂ ಆಗಿಲ್ಲ. ಸೀಟು ಸಿಕ್ಕಾದ. ಸಾಲಕ್ಕ ನಿನ್ನ ಹೆಬ್ಬಟ್ಟು ಬೇಕಾಗ್ಯಾದ.”

ಅವಳು ಅಲ್ಲೇ ಕುಕ್ಕರಿಸಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನಗುತ್ತಾ ಹೆಬ್ಬೆಟ್ಟು ಚಾಚಿದಳು. “ಇಷ್ಟಕ್ಕ ಇಷ್ಟು ದೂರ ಬಂದ್ಯಾ? ಎಲ್ಲದ ಕಾಗದ, ತಾ, ಒತ್ತಿ ಕೊಡ್ತೇನಿ.”

“ಇಲ್ಲಿ ಒತ್ತಿದ್ರ ಆಗಂಗಿಲ್ಲವ್ವಾ. ಬ್ಯಾಂಕಿನವನ ಕಣ್ಣ ಮುಂದ ಒತ್ತಬೇಕು. ನೀ ಬರಬೇಕು.”

ಅವಳ ನಗು ಹೋಯಿತು. ಮುಕಾದಮ ಇದ್ದ ಕಡೆ ನೋಡಿದಳು.

ಮುಕಾದಮ ಔರಾದಿನ ಕಡೆಯವನೇ. ಕೂಗಾಡುವ ಮನುಷ್ಯನಲ್ಲ. ಬದುವಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತಾ ಹೇಳಿದ, “ಆಯಿ, ಇಲ್ಲಿ ಜೋಡಿ ಮ್ಯಾಲ ಕೆಲಸ. ಗಂಡ ಕಡೀಬೇಕು, ಹೇಣ್ತಿ ಹೊರಿ ಕಟ್ಟಿ ಹೊರಬೇಕು. ಒಂದು ಕೈ ಹೋತಂದ್ರ ಜೋಡಿ ಮುರೀತು. ಜೋಡಿ ಮುರದ್ರ ನನ್ನ ಗಾಡಿ ತುಂಬಂಗಿಲ್ಲ, ಕಾರ್ಖಾನಿಯವ್ರು ನನ್ನ ಕುತ್ತಿಗಿ ಹಿಡೀತಾರ. ಹೋಗ್ಲಿ, ನಾ ಬ್ಯಾಡನ್ನಂಗಿಲ್ಲ. ಅಕಿ ಜಾಗಾದಾಗ ಒಂದು ಆಳು ಕೊಟ್ಟು ಅಕಿನ್ನ ಒಯ್ಯಿ.”

ಗುಂಪಿನಲ್ಲಿ ಹೆಚ್ಚಿನ ಆಳು ಯಾರೂ ಇರಲಿಲ್ಲ. ಕೂಸುಗಳನ್ನು ಆಡಿಸುವ ಒಬ್ಬ ಮುದುಕಿಯನ್ನು ಬಿಟ್ಟರೆ ಎಲ್ಲರೂ ಜೋಡಿಗಳೇ.

ದಾರಿಯುದ್ದಕ್ಕೂ ನಾನು ಒಂದು ಲೆಕ್ಕ ಹಾಕಿಕೊಂಡು ಬಂದಿದ್ದೆ. ಇವಳ ಕೈ ಹಿಡಿದು ಬ್ಯಾಂಕಿಗೆ ಕರೆದೊಯ್ಯುತ್ತೇನೆ, ಬೆಂಚಿನ ಮೇಲೆ ಕೂರಿಸುತ್ತೇನೆ, ಪಕ್ಕದಲ್ಲಿ ನಾನು ನಿಂತಿರುತ್ತೇನೆ. ಹುಡುಗಿ ಕಾಲೇಜಿನ ಗೇಟು ದಾಟುವುದನ್ನು ಇಬ್ಬರೂ ನೋಡುತ್ತೇವೆ. ಕಾಗದದಲ್ಲಿ ನನ್ನ ಹೆಸರು ಇಲ್ಲದಿದ್ದರೂ ಅಷ್ಟಾದರೂ ನನಗೆ ಸಿಗುತ್ತದೆ ಎಂದುಕೊಂಡಿದ್ದೆ. ಆ ಆಸೆಯನ್ನು ನುಂಗಿದೆ.

“ನಾ ನಿಲ್ತೇನಿ,” ಎಂದೆ.

ಮುಕಾದಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. “ವಯಸ್ಸೆಷ್ಟು ಆಯಿ?”

“ಐವತ್ತು.”

“ಯಾವ ಐವತ್ತು? ನಿಜಾಮನ ಕಾಲದ್ದಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. “ಎಂಬತ್ತು ಹುಡುಗೀರಿಗಿ ಹಿಟ್ಟು ನಾದಿದ ಕೈ ಇವು. ಹೊರಿ ಕಡಿಮಿ ಬಿತ್ತಂದ್ರ ಆವಾಗ ಮಾತಾಡು,” ಎಂದೆ. ನಾಲ್ಕು ದಿನ ಎಂದು ಮಾತಾಯಿತು.

ಆ ಮಧ್ಯಾಹ್ನ ಅವಳು ನನಗೆ ತನ್ನ ಕೆಲಸ ಕಲಿಸಿದಳು, ನಾನು ಅವಳಿಗೆ ಬ್ಯಾಂಕು ಕಲಿಸಿದೆ. ಗಂಡ ಮುಂದೆ ಕಡಿಯುತ್ತಾ ಹೋಗುತ್ತಿದ್ದ, ನಾವಿಬ್ಬರೂ ಹಿಂದೆ. ಕಬ್ಬಿನ ತುದಿಯ ಹಸಿ ಗರಿಗಳನ್ನು ಎರಡು ಹಿಡಿ ತೆಗೆದು, ತುದಿಗೆ ತುದಿ ಸೇರಿಸಿ ಹೊಸೆದರೆ ಅದೇ ಹಗ್ಗ. ಅದನ್ನು ನೆಲಕ್ಕೆ ಹಾಸಿ, ಕಬ್ಬನ್ನು ಬುಡ ಒಂದು ಕಡೆ ಬರುವಂತೆ ಜೋಡಿಸಬೇಕು. ಮೊಣಕಾಲನ್ನು ಹೊರೆಯ ಮೇಲೆ ಊರಿ, ಉಸಿರು ಬಿಗಿಹಿಡಿದು ಎಳೆದು ತಿರುಚಿ ಸಿಕ್ಕಿಸಬೇಕು. ಗಂಟು ಹಾಕುವುದಲ್ಲ, ಸಿಕ್ಕಿಸುವುದು. ನನ್ನ ಮೊದಲ ಮೂರು ಹೊರೆ ಎತ್ತಿದ ಕೂಡಲೇ ಬಿಚ್ಚಿಕೊಂಡವು.

ಕೂಸು ಆಡಿಸುವ ಮುದುಕಿ ದೂರದಿಂದ ನೋಡಿ, “ಕುಡುಕನ ತಲಿ ಪಟಗಾ ಬಿಚ್ಚಿದಂಗ ಬಿಚ್ಚಾಕತ್ಯಾವಲ್ಲ ನಿಮ್ಮ ಹೊರಿ!” ಎಂದಳು.

“ಅಲ್ಲಿ ಹೋದ ಮ್ಯಾಲ ಮೊದಲ ಏನು?” ಎಂದು ನಾನು ತಾಯಿಯನ್ನು ಕೇಳುತ್ತಿದ್ದೆ.

“ಎಡಗಡೀದು ಎರಡನೇ ಮೇಜು. ಸಣ್ಣ ವಯಸ್ಸಿನ ಸಾಹೇಬ.”

“ಕಾಗದ ಮುಂದಿಟ್ರ?”

“ಓದಿ ಹೇಳೂತನಕ ಒತ್ತಬಾರದು.”

“ಏನ್ ಕೇಳ್ಬೇಕು?”

“ಬಡ್ಡಿ ಯಾರು ಕಟ್ತಾರ, ಎಲ್ಲೀತನಕ ಕಟ್ತಾರ.” ಗರಿ ಹೊಸೆಯುತ್ತಾ ಕೇಳಿದಳು, “ಅಕ್ಕಾ, ನಾಳಿ ಅಕಿಗಿ ನೌಕರಿ ಸಿಗಲಿಲ್ಲಂದ್ರ ಮನಿ ಎಳ್ಕೊಂಡು ಹೋಗ್ತಾರೇನು?”

“ಮನಿ ಬರಿಸ್ಕೊಳ್ಳಂಗಿಲ್ಲ. ಆದ್ರ ಸಾಲ ಸಾಲೇ. ಅಕಿ ಹೆಸರ ಮ್ಯಾಲೂ ಇರ್ತದ, ನಿನ್ನ ಹೆಸರ ಮ್ಯಾಲೂ ಇರ್ತದ. ಓದಿ ಮುಗದು ಒಂದು ವರ್ಷ ಬಿಟ್ಟು ತಿಂಗಳ ತಿಂಗಳ ಕಟ್ಟಬೇಕು. ಝೂಟ ಹೇಳಂಗಿಲ್ಲ ನಿನಗ.”

“ಇಬ್ಬರದೂ ಹೆಸರು ಇರ್ತದ?” ಎಂದಳು. ಅದು ಅವಳಿಗೆ ಭಯದ ಮಾತಾಗಿ ಕೇಳಿಸಿರಲಿಲ್ಲ. ಮುಖ ಅರಳಿತ್ತು. ನಾನು ಬೇರೆ ಕಡೆ ನೋಡಿ ಹೊರೆ ಬಿಗಿದೆ.

ಆಮೇಲೆ ಅವಳೇ ಕೇಳಿದಳು, “ಅಲ್ಲಿ ಮಸರು ಸಿಗ್ತದೇನು? ಮಸರಿಲ್ಲದ ತುತ್ತು ಎತ್ತಂಗಿಲ್ಲ ಅಕಿ.”

“ಈಗ ಉಣ್ತಾಳ. ಎರಡು ವರ್ಷಾತು, ಮಸರು ಬಿಟ್ಟಾಳ,” ಎಂದೆ.

ನನಗೆ ಗೊತ್ತಿದ್ದದ್ದನ್ನು ಹೇಳಿದೆ, ಅಷ್ಟೆ. ಆದರೆ ಅವಳ ಕೈ ನಿಂತಿತು. ತನ್ನ ಮಗಳ ಬಗ್ಗೆ ಬೇರೆಯವರಿಂದ ಕೇಳಿದರೆ ಹಾಗೇ ಆಗುತ್ತದೆ. ನಾನು ಆ ಮಾತನ್ನು ಗೆದ್ದವಳಂತೆ ಹೇಳಿದ್ದೆ. ಇವತ್ತಿಗೂ ಅದು ಸರಿ ಎನಿಸಿಲ್ಲ.

ಮರುದಿನ ಬೆಳಕು ಹರಿಯುವಾಗ ನನ್ನ ಫೋನು, ಬಸ್ಸಿನ ದುಡ್ಡು ಅವಳ ಕೈಗೆ ಕೊಟ್ಟು ಕಳಿಸಿದೆ. ತನ್ನ ತಲೆಯ ಸಿಂಬಿಯನ್ನು ಅವಳು ನನಗೆ ಕೊಟ್ಟಳು. ಹಳೆಯ ಸೀರೆ ಸುತ್ತಿ ಮಾಡಿದ್ದು, ಅವಳ ತಲೆಯ ಆಕಾರಕ್ಕೆ ಕುಳಿತಿತ್ತು. ನನಗೆ ಸಡಿಲವಾಗುತ್ತಿತ್ತು.

ಮೊದಲ ದಿನ ನಾನು ಬೇರೆಯವರ ಅರ್ಧದಷ್ಟು ಹೊರೆ ಕಟ್ಟಿದೆ. ಕಬ್ಬಿನ ಗರಿ ಗರಗಸದಂತೆ ಕೊಯ್ಯುತ್ತದೆ. ಮೊಣಕೈ ತನಕ ಗೀರು, ಅದರ ಮೇಲೆ ಬೆವರು. ಕಟ್ಟುವುದು ಹೇಗೋ ಬಂತು. ಹೊರೆ ಹೊತ್ತು ಹಲಗೆಯ ಮೇಲೆ ಹತ್ತಿ ಟ್ರೇಲರಿಗೆ ಹಾಕುವುದು ಬರಲಿಲ್ಲ. ಎರಡನೆಯ ದಿನ ಹಲಗೆಯ ಮಧ್ಯದಲ್ಲಿ ಕಾಲು ನಡುಗಿ ಹೊರೆ ಸಮೇತ ಬಿದ್ದೆ. ಸೊಂಟಕ್ಕೆ ಪೆಟ್ಟಾಯಿತು. ಆ ತನಕ ನನ್ನ ಕೂಡ ಒಂದು ಮಾತೂ ಆಡದಿದ್ದ ಹುಡುಗಿಯ ತಂದೆ ಬಂದು ಹೊರೆ ಎತ್ತಿಕೊಂಡ. “ಅಕ್ಕಾರ, ನೀವು ಕಟ್ಟಿ ಇಡ್ರಿ. ಹಲಗಿ ಮ್ಯಾಲ ನಾ ಹೊರ್ತೇನಿ,” ಎಂದ. ಅಂದಿನಿಂದ ಅವನಿಗೆ ಎರಡು ಪಾಲು ಕೆಲಸ. ರಾತ್ರಿ ನಾನು ಆ ಮುದುಕಿಯ ಗುಡಿಸಲಿನಲ್ಲಿ ಬೀಳುತ್ತಿದ್ದೆ. ಬಿದ್ದದ್ದಷ್ಟೇ ನೆನಪು.

ನಾಲ್ಕನೆಯ ದಿನ ಮುಕಾದಮನ ಫೋನಿಗೆ ಸುದ್ದಿ ಬಂತು. ಅವನು ಫಡಕ್ಕೆ ಬಂದು ಹೇಳಿದ, “ಇನ್ನೂ ಮೂರು ದಿನ ಬೇಕಂತ. ಬ್ಯಾಂಕಿನವ್ರು ಮನಿ ನೋಡಲಾಕ ಬರ್ತಾರಂತ. ಆಯಿ, ಅಕಿ ಬರಂಗಿಲ್ಲ ಬಿಡು, ಮಗಳ ಬಾಜೂಕ ಕುಂತು ತಾನೂ ನರ್ಸ್ ಆಗೇ ಬರ್ತಾಳ.”

ಬೇರೇನು ಹೇಳಿದರು ಎಂದು ಕೇಳಿದೆ. ಬೇರೇನೂ ಹೇಳಲಿಲ್ಲವಂತೆ. ಸಾಲ ಆಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಕಾಲೇಜಿನ ಗಡುವಿಗೆ ಇನ್ನು ಮೂರೇ ದಿನ ಇತ್ತು. ನನ್ನ ರಜೆಯೂ ಮುಗಿದಿತ್ತು.

ಆ ಮೂರು ದಿನ ಕೈ ಹೊರೆ ಕಟ್ಟುತ್ತಿತ್ತು, ಜೀವ ಎಕಂಬಾದಲ್ಲಿತ್ತು. ನಾನು ಆ ಮನೆಯನ್ನು ನೋಡಿದವಳಲ್ಲ. ಆದರೂ ಅದರೊಳಗೆ ತಾಯಿ-ಮಗಳು ಓಡಾಡುವುದು ಕಾಣುತ್ತಿತ್ತು. ಒಲೆಯ ಮುಂದೆ ಹುಡುಗಿ ನಿದ್ದೆಗಣ್ಣಿನಲ್ಲಿ ಬಂದು ಕೂರುತ್ತಾಳೆ, ತಾಯಿ ಬೈಯುತ್ತಾಳೆ. ಬೈಯಲಿ, ಅವಳಿಗೆ ಹಕ್ಕಿದೆ. ನಾನು ಒಂದು ದಿನವೂ ಬೈದಿರಲಿಲ್ಲ. ಬೈದರೆ ಎಲ್ಲಿ ಹೋಗುತ್ತಾಳೋ ಎಂದು ಅಂಜಿಕೆ ಇತ್ತು ನನಗೆ.

ಏಳನೆಯ ದಿನ ಸಂಜೆ ಅವಳು ಬಂದಳು. ಬದುವಿನ ಮೇಲೆ ನಡೆದು ಬರುವಾಗಲೇ ಕೈ ಎತ್ತಿದಳು. ಅಷ್ಟರಿಂದಲೇ ಗೊತ್ತಾಯಿತು. ನಾನು ಕಟ್ಟುತ್ತಿದ್ದ ಹೊರೆಯ ಮೇಲೆ ಕುಳಿತುಬಿಟ್ಟೆ.

ಒಲೆಯ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ಮೊದಲ ದಿನ ಬ್ಯಾಂಕಿನಲ್ಲಿ, ಮನೆಗೆ ಬೀಗ ಇದೆ, ನೋಡದೆ ಮಂಜೂರು ಮಾಡುವುದಿಲ್ಲ ಎಂದರಂತೆ. ಇವಳು ಮಗಳ ಜೊತೆ ಎಕಂಬಾಕ್ಕೆ ಹೋಗಿ, ಬಾಗಿಲಿಗೆ ಇಟ್ಟಿದ್ದ ಜಾಲಿ ಮುಳ್ಳು ಸರಿಸಿ, ಬೀಗ ತೆಗೆದು, ಸಾರಿಸಿ, ಒಲೆ ಹಚ್ಚಿ ಕುಳಿತಳು. ಆಫೀಸರ್ ಬಂದದ್ದು ಮಾರನೆಯ ದಿನ.

“ಖಾಯಂ ಇಲ್ಲೇ ಇರ್ತೀರಾ ಅಂತ ಕೇಳಿದ. ಮಳಿ ಬಿದ್ದಾಗ ಇಲ್ಲೇ ಇರ್ತೇವ್ರಿ ಅಂದೆ,” ಎಂದಳು.

“ಅದಕ್ಕೇನಂದ?”

“ಬರ್ಕೊಂಡ.”

ಉಳಿದ ಕಾಗದಗಳನ್ನು ಮೊದಲೇ ನೋಡಿಟ್ಟಿದ್ದರಿಂದ ಮರುದಿನವೇ ಕರೆದರು. ಕಾಗದ ಮುಂದಿಟ್ಟಾಗ ಇವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, “ಮೊದಲ ಓದ್ರಿ ಸಾಹೇಬ್ರ” ಎಂದಳಂತೆ. ಅವರು ನಕ್ಕು, ಒಂದೊಂದೇ ಸಾಲು ಓದಿ ತಿಳಿಸಿ ಹೇಳಿದರಂತೆ. ಹೆಬ್ಬೆಟ್ಟಿಗೆ ಓದು ಬಲ್ಲ ಸಾಕ್ಷಿ ಬೇಕಾಯಿತು. ಝೆರಾಕ್ಸ್ ಅಂಗಡಿಯವನು ಓಡಿ ಬಂದು ಸಹಿ ಹಾಕಿದ, ಒಂದು ಕಪ್ಪು ಚಹಾ ಕೂಡ ಕುಡಿಯಲಿಲ್ಲ. ಪತ್ರ ಹಿಡಿದು ತಾಯಿ-ಮಗಳು ಬೀದರಿಗೆ ಹೋದರು. ಗಡುವಿಗೆ ಒಂದು ದಿನ ಮೊದಲು.

“ಎರಡು ರಾತ್ರಿ ನನ್ನ ತೋಳಿನ ಮ್ಯಾಲೇ ಮಲಗಿದಳಕ್ಕಾ,” ಎಂದಳು. “ಅಷ್ಟು ದೊಡ್ಡವಳಾಗ್ಯಾಳ. ಕೈ ಜೋಮು ಹಿಡೀತು. ತಗೀಲಿಲ್ಲ ನಾ.”

“ಗೇಟಿನಾಗ ಅತ್ತಳೇನು?”

“ಇಲ್ಲ.”

“ಯಾವ ಡ್ರೆಸ್ ಹಾಕ್ಕೊಂಡಿದ್ದಳು?”

“ಹಸರದ್ದು. ನೀನೇ ಹೊಲಿಸಿದ್ದಂತಲ್ಲ.” ಬೆಂಕಿಯೊಳಗೆ ಕಬ್ಬಿನ ಸೋಗೆ ತುರುಕಿದಳು. “ಮೌಶಿ ಯಾಕ ಬರಲಿಲ್ಲ ಅಂತ ಕೇಳಿದಳು. ನನ್ನ ಜಾಗಾದಾಗ ನಿಂತಾಳ, ಅದಕ್ಕ ನಾ ಬಂದೀನಿ ಅಂದೆ.”

ನಾನು ಇನ್ನೂ ಕೇಳುತ್ತಲೇ ಇದ್ದೆ. ಹಾಸ್ಟೆಲ್ ಖೋಲಿಯಲ್ಲಿ ಎಷ್ಟು ಜನ, ಕಿಟಕಿ ಇದೆಯೋ ಇಲ್ಲವೋ, ಊಟ ಯಾರು ಮಾಡುತ್ತಾರೆ. ಅವಳಿಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದಳು. ನಾನು ಇನ್ನೊಂದು ಕೇಳುವಷ್ಟರಲ್ಲಿ ಮಾತಿನ ನಡುವೆಯೇ ನಿದ್ದೆ ಹೋದಳು. ಕಾಲು ಬಸ್ಸಿನಲ್ಲಿ ಕುಳಿತು ಕುಳಿತು ಬಾತಿದ್ದವು.

ಮರುದಿನ ಬೆಳಕು ಹರಿಯುವ ಮೊದಲು ಮುಕಾದಮ ಸೀಟಿ ಊದಿದ. ನನ್ನ ಕರಾರು ಮುಗಿದಿತ್ತು, ಬಸ್ಸು ಒಂಬತ್ತಕ್ಕೆ ಇತ್ತು. ಅವಳು ಇನ್ನೂ ಮಲಗಿದ್ದಳು. ಗಂಡ ಎಬ್ಬಿಸಲು ಬಗ್ಗಿದ. ಬೇಡವೆಂದು ಕೈ ಮಾಡಿದೆ. ಅವಳ ಮೇಲಿನ ಕೌದಿಯನ್ನು ಕಾಲಿನ ತನಕ ಎಳೆದು, ಅವನ ಹಿಂದೆ ಫಡಕ್ಕೆ ಹೋಗಿ, ಬಸ್ಸಿನ ಹೊತ್ತಾಗುವ ತನಕ ಅವಳ ಪಾಲಿನ ಹೊರೆ ಕಟ್ಟಿದೆ.